ಎಲ್ಲ ಅಂದ್ರೆ ಎಲ್ಲ

ಮನೆಯ ಹಿಂದಿನ ತೊಂಡೆ ಚಪ್ಪರವನ್ನು ವರ್ಷಕ್ಕೆ ಎರಡು ಸಲ ಸವರುತ್ತೇನೆ. ಬೆಳಗ್ಗೆ ಏಳಕ್ಕೆ ಶುರು ಮಾಡಿದರೆ ಎಂಟರೊಳಗೆ ಮುಗಿಯಬೇಕು, ಎಂಟಕ್ಕೆ ತಿಂಡಿ. ಈ ಸಲ ಕತ್ತರಿಗೆ ಸಿಗದ ಬಳ್ಳಿಯೊಂದನ್ನು ಕೈಯಲ್ಲೇ ಚಿವುಟಿ ಎಳೆದೆ. ಅಂಗೈಯಲ್ಲಿ ಎಲೆ ಜಜ್ಜಿ ಹಸಿ ವಾಸನೆ ಬಂತು. ಸಾಗರ ಪೇಟೆಯ ಈ ಹಿತ್ತಲಲ್ಲಿ ಅದು ಪಲ್ಯದ ಬಳ್ಳಿಯ ವಾಸನೆ, ಅಷ್ಟೆ. ನನಗೆ ಮಾತ್ರ ಅದರ ಜೊತೆ ಇದ್ದಿಲಿನ ವಾಸನೆಯೂ ಬೆರೆತ ಹಾಗಾಗುತ್ತದೆ. ಆಮೇಲೆ ಶನಿವಾರ ನೆನಪಾಗುತ್ತದೆ, ಶನಿವಾರದ ಹಿಂದೆಯೇ ಸಿಂಚನ ಎಂಬ ಹುಡುಗಿ. ನನ್ನ ಸೇವೆಯ ಕೊನೆಯ ವರ್ಷ ಅದು. ತಿಂಡಿ ಹತ್ತು ನಿಮಿಷ ತಡವಾಯಿತು.

ಶಾಲೆ ಇದ್ದದ್ದು ಹೊಸನಗರ ತಾಲ್ಲೂಕಿನಲ್ಲಿ, ಬಸ್ಸಿಳಿದು ಹದಿನೈದು ನಿಮಿಷ ನಡೆಯುವಷ್ಟು ಒಳಗೆ. ನಾಲ್ಕು ಕೋಣೆ, ನಾಲ್ಕು ಜನ ಶಿಕ್ಷಕರು, ನಲವತ್ತಮೂರು ಮಕ್ಕಳು. ನಾನು ಮುಖ್ಯಶಿಕ್ಷಕಿ, ಮಕ್ಕಳ ಬಾಯಲ್ಲಿ ದೊಡ್ಡ ಟೀಚರ್. ಅಲ್ಲಿಗೆ ಹೋದ ಮೊದಲ ವಾರವೇ ಹನ್ನೊಂದು ನಿಯಮಗಳನ್ನು ಬಿಳಿ ಹಾಳೆಯ ಮೇಲೆ ದುಂಡಾಗಿ ಬರೆದು, ಕೆಳಗೆ ತಾರೀಖು ಹಾಕಿ, ಸಹಿ ಮಾಡಿ, ಗಾಜಿನ ಚೌಕಟ್ಟು ಕಟ್ಟಿಸಿ ಜಗಲಿಯ ಗೋಡೆಗೆ ತೂಗುಹಾಕಿದ್ದೆ. ಚಪ್ಪಲಿ ಎಲ್ಲಿ ಬಿಡಬೇಕು, ಕೊಡೆ ಹೇಗೆ ನಿಲ್ಲಿಸಬೇಕು, ಊಟದ ತಟ್ಟೆ ಯಾವ ಕ್ರಮದಲ್ಲಿ ತೊಳೆಯಬೇಕು, ಎಲ್ಲ ಅದರಲ್ಲಿತ್ತು. ಆರು ವರ್ಷ ಆ ಹಾಳೆಯಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ಏಳನೆಯ ನಿಯಮ ಬೋರ್ಡಿನದು. “ಪ್ರತಿ ಶನಿವಾರ ಕೊನೆಯ ಅವಧಿಯಲ್ಲಿ ಶಾಲೆಯ ಎಲ್ಲ ಬೋರ್ಡುಗಳಿಗೂ ಕಪ್ಪು ಹಚ್ಚತಕ್ಕದ್ದು.” ವಾರವೆಲ್ಲ ಸೀಮೆಸುಣ್ಣ ತಿಂದ ಬೋರ್ಡು ಬೂದಿ ಬಣ್ಣಕ್ಕೆ ತಿರುಗಿ, ಹಿಂದಿನ ಸಾಲಿನ ಮಕ್ಕಳಿಗೆ ಅಕ್ಷರ ಕಾಣದಾಗುತ್ತದೆ. ಪೇಟೆಯಲ್ಲಿ ಸಿಗುವ ಬಣ್ಣ ಹೊಳೆಯುತ್ತದೆ. ಕಿಟಕಿಯ ಬೆಳಕು ಬಿದ್ದರೆ ಮತ್ತೆ ಅದೇ ಕಷ್ಟ. ತೊಂಡೆ ಸೊಪ್ಪನ್ನೂ ಇದ್ದಿಲನ್ನೂ ಒಟ್ಟಿಗೆ ಅರೆದು, ಹಳೆ ಬಟ್ಟೆಯ ಉಂಡೆಯನ್ನು ಅದರಲ್ಲಿ ಅದ್ದಿ, ಎಡದಿಂದ ಬಲಕ್ಕೆ ಒಂದು ಕೈ, ಒಣಗಿದ ಮೇಲೆ ಮೇಲಿನಿಂದ ಕೆಳಕ್ಕೆ ಇನ್ನೊಂದು ಕೈ ಎಳೆದರೆ ಸೋಮವಾರ ಬೆಳಗ್ಗೆ ಬೋರ್ಡು ಹೊಸದರ ಹಾಗಿರುತ್ತದೆ. ನಾನು ಓದಿದ ಶಾಲೆಯಲ್ಲಿ ಕಲಿತ ವಿದ್ಯೆ ಇದು. ಸುತ್ತಲಿನ ಶಾಲೆಗಳು ಯಾವಾಗಲೋ ಬಿಟ್ಟುಬಿಟ್ಟಿದ್ದವು. ನಮ್ಮಲ್ಲಿ ನಡೆಯುತ್ತಿತ್ತು.

ಆ ವರ್ಷ ಈ ಕೆಲಸ ಸಿಂಚನಳ ಪಾಲಿಗೆ ಬಂದಿತ್ತು. ಏಳನೇ ತರಗತಿ. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಗೆದ್ದು ಸ್ವಚ್ಛತಾ ಮಂತ್ರಿಯಾಗಿದ್ದಳು. ತಾಯಿ ಲಲಿತಮ್ಮ ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುತ್ತಿದ್ದರು. ಹುಡುಗಿಗೆ ಮಾತು ಕಡಿಮೆ. ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುತ್ತಿದ್ದಳು. ಎರಡನೇ ಸಲ ಹೇಳಬೇಕಾಗಿರಲಿಲ್ಲ. ಅಂಥ ಮಕ್ಕಳನ್ನು ಕಂಡರೆ ನನಗೆ ಇಷ್ಟ ಎಂಬುದು ಆ ಮಕ್ಕಳಿಗೂ ಗೊತ್ತಿರುತ್ತದೆ.

ಜೂನ್ ಎರಡನೇ ವಾರ, ಮಳೆ ಸರಿಯಾಗಿ ಹಿಡಿದ ಮೇಲೆ, ತಾಡಪಾಲು ಹೊದಿಸಿದ ಜೀಪಿನಲ್ಲಿ ಸ್ಮಾರ್ಟ್ ಬೋರ್ಡ್ ಬಂತು. ಬೆಂಗಳೂರಿನ ದಾನಿಯೊಬ್ಬರು ಕೊಟ್ಟದ್ದು. ನೋಡುವುದಕ್ಕೆ ದೊಡ್ಡ ಟಿವಿ. ಬೆರಳಿನಿಂದ ಮುಟ್ಟಿದರೆ ಅದರ ಮೇಲೆ ಬರೆಯಬಹುದು, ಒರೆಸಬಹುದು, ಚಿತ್ರ ಓಡಿಸಬಹುದು. ಆರು ಮತ್ತು ಏಳನೇ ತರಗತಿ ಒಟ್ಟಿಗೆ ಕೂರುವ ಕೋಣೆಯಲ್ಲಿ, ಕಪ್ಪು ಹಲಗೆಯ ಪಕ್ಕದಲ್ಲೇ ಅದನ್ನು ಗೋಡೆಗೆ ಕೂರಿಸಿದರು. ಶಿವಮೊಗ್ಗದಿಂದ ಬಂದ ತಂತ್ರಜ್ಞ ನಮ್ಮಿಬ್ಬರನ್ನು, ಅಂದರೆ ನನ್ನನ್ನೂ ನಯನಾ ಟೀಚರನ್ನೂ, ಎದುರಿಗೆ ನಿಲ್ಲಿಸಿಕೊಂಡು ಎಲ್ಲ ಹೇಳಿಕೊಟ್ಟ. ಮುಖ್ಯವಾಗಿ ಹೇಳಿದ್ದು ಒಂದೇ: ಒದ್ದೆ ಬಟ್ಟೆ ತಾಗಿಸಬಾರದು, ಒಣ ಬಟ್ಟೆಯಲ್ಲಿ ಮೆತ್ತಗೆ ಒರೆಸಬೇಕು.

ನಯನಾ ಮೇಳಿಗೆ ಊರಿನ ಕಡೆಯವರು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ತಂತ್ರಜ್ಞ ಹೋದ ಮೇಲೆ, ಇದನ್ನು ಹೇಗೆ ನೋಡಿಕೊಳ್ಳಬೇಕೆಂದು ಮಕ್ಕಳಿಗೂ ಹೇಳಿಬಿಡುತ್ತೇನೆ, ಹತ್ತು ನಿಮಿಷ ಕೊಡಿ ಎಂದು ಕೇಳಿದರು. ಅವಧಿ ಮುಗಿದಿತ್ತು. ಮುಂದಿನದು ಹಿಂದಿ. ನಾಳೆ ಹೇಳಿ ಎಂದು ನಾನೇ ಗಂಟೆ ಹೊಡೆಸಿದೆ. ಮರುದಿನ ಅವರಿಗೆ ತೀರ್ಥಹಳ್ಳಿಯಲ್ಲಿ ತರಬೇತಿ. ಆಮೇಲೆ ಅವರೂ ಮರೆತರು, ನಾನೂ ಮರೆತೆ.

ಆ ವಸ್ತುವಿನ ಮೇಲೆ ನನಗೆ ದ್ವೇಷವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ವೇಳಾಪಟ್ಟಿಯಲ್ಲಿ ಎರಡು ಅವಧಿ ಕೊಟ್ಟೆ: ಬುಧವಾರ ಮೂರನೆಯದು, ಶುಕ್ರವಾರ ಐದನೆಯದು. ಒಂದು ಪುಸ್ತಕ ಇಟ್ಟು, ಯಾವ ದಿನ ಯಾವ ಪಾಠಕ್ಕೆ ಎಷ್ಟು ಹೊತ್ತು ಓಡಿತು, ಕರೆಂಟು ಯಾವಾಗ ಹೋಯಿತು ಎಂದು ಬರೆಸಿದೆ. ಕರೆಂಟು ಹೋದರೆ ಬ್ಯಾಟರಿ ನಲವತ್ತು ನಿಮಿಷ ಬರುತ್ತಿತ್ತು. ಅವಧಿಯೂ ನಲವತ್ತೇ ನಿಮಿಷ. ಅಷ್ಟರಮಟ್ಟಿಗೆ ಶಿಸ್ತಿನ ಯಂತ್ರ.

ಮೊದಲ ತಿಂಗಳು ಅದರಿಂದ ಏನೂ ಆಗಲಿಲ್ಲ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಸದ್ದಿಲ್ಲದೆ ಕೂರುತ್ತಿದ್ದರು. ಸದ್ದಿಲ್ಲದ ತರಗತಿಯೆಂದರೆ ಕಲಿಯುವ ತರಗತಿ ಎಂದು ನಾನೂ ಬಹಳ ವರ್ಷ ನಂಬಿದ್ದವಳೇ. ಜಲಚಕ್ರದ ವಿಡಿಯೋ ತೋರಿಸಿದ ಮೇಲೆ ನಾನು ಸಣ್ಣ ಪರೀಕ್ಷೆ ಇಟ್ಟೆ. ಹೊರಗೆ ಹನ್ನೊಂದು ದಿನದಿಂದ ಬಿಡದ ಮಳೆ. ಇವತ್ತು ಬೀಳುತ್ತಿರುವ ಮಳೆಯ ನೀರು ಎಲ್ಲಿಂದ ಬಂತು ಎಂಬುದು ಪ್ರಶ್ನೆ. ಪ್ರಜ್ವಲ ಎಂಬ ಹುಡುಗ “ಬಾಣದ ಗುರುತಿನಿಂದ” ಎಂದು ಬರೆದಿದ್ದ. ವಿಡಿಯೋದಲ್ಲಿ ಸಮುದ್ರದಿಂದ ಮೋಡಕ್ಕೆ, ಮೋಡದಿಂದ ಬೆಟ್ಟಕ್ಕೆ ಬಾಣಗಳು ಓಡಿದ್ದವು. ಅವನು ಅದನ್ನೇ ನೋಡಿದ್ದ.

ಉತ್ತರ ಪತ್ರಿಕೆಯನ್ನು ನಯನಾ ಅವರ ಮುಂದಿಟ್ಟೆ. ಅವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಎರಡು ದಿನ ಯೋಚನೆ ಮಾಡಿ ಬೇರೆಯೇ ದಾರಿ ಹಿಡಿದರು. ಸ್ಟೀಲಿನ ಎರಡು ಡಬ್ಬಿಗಳ ಮೇಲೆ ಅಡಿಕೋಲು ಇಟ್ಟು, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ತಮ್ಮ ಮೊಬೈಲು ಕಟ್ಟಿದರು. ಅದರ ಕ್ಯಾಮರಾ ಕೆಳಗೆ ಮೇಜಿನ ಕಡೆ ನೋಡುತ್ತಿತ್ತು. ಮೇಜಿನ ಮೇಲೆ ಯಾವುದೇ ನೋಟ್‌ಬುಕ್ ಇಟ್ಟರೂ ಆ ಪುಟ ಗೋಡೆಯ ಸ್ಮಾರ್ಟ್ ಬೋರ್ಡಿನ ಮೇಲೆ ಒಂದಾಳುದ್ದ ಕಾಣುತ್ತಿತ್ತು. ಹೆಸರಿರುವ ಕಡೆ ಕಾಗದದ ಪಟ್ಟಿ ಇಟ್ಟು ಮುಚ್ಚುತ್ತಿದ್ದರು. ಒಂದು ಮಗು ಅರ್ಧಕ್ಕೆ ಮೂರನೇ ಒಂದನ್ನು ಕೂಡಿ ಐದನೇ ಎರಡು ಎಂದು ಬರೆದಿರುತ್ತದೆ. ಇಡೀ ತರಗತಿ ಅದನ್ನು ನೋಡುತ್ತದೆ. ಅಲ್ಲಿ ಕೇಳಬಹುದಾದ ಪ್ರಶ್ನೆ ಒಂದೇ: ಎಲ್ಲಿ ತಪ್ಪಿದೆ? ಯಾರದು ಎಂದು ಕೇಳುವ ಹಾಗಿಲ್ಲ.

ಮಕ್ಕಳು ಎದ್ದು ಬಂದು ಬೆರಳಿನಿಂದ ಸುತ್ತು ಹಾಕುತ್ತಿದ್ದರು. ಒಬ್ಬ ಇಲ್ಲಿ ಅನ್ನುವುದು, ಇನ್ನೊಬ್ಬಳು ಅಲ್ಲ, ಅದರ ಹಿಂದಿನ ಮೆಟ್ಟಿಲಿನಲ್ಲಿ ಅನ್ನುವುದು. ಅರ್ಧಕ್ಕಿಂತ ಐದನೇ ಎರಡು ಸಣ್ಣದು, ಕೂಡಿದ ಮೇಲೆ ಸಣ್ಣದಾಗುವುದು ಹೇಗೆ ಎಂದು ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ಮೂವತ್ತಾರು ವರ್ಷ ಕೆಂಪು ಶಾಯಿಯಲ್ಲಿ ತಿದ್ದಿದವಳು ನಾನು. ನಾನು ತಿದ್ದಿದ ತಪ್ಪನ್ನು ನೋಡಿದವರು ಇಬ್ಬರೇ, ನಾನು ಮತ್ತು ಆ ಮಗು. ಇಲ್ಲಿ ಒಂದು ತಪ್ಪಿನಿಂದ ಹತ್ತೊಂಬತ್ತು ಮಕ್ಕಳು ಕಲಿಯುತ್ತಿದ್ದರು. ಆ ವಾರವೇ ವೇಳಾಪಟ್ಟಿಯಲ್ಲಿ ಸೋಮವಾರ ಇನ್ನೊಂದು ಅವಧಿ ಸೇರಿಸಿದೆ. ನಾನು ಬದಲಾಯಿಸಿದ್ದು ಅಷ್ಟು. ಜಗಲಿಯ ಹಾಳೆ ಹಾಗೇ ಇತ್ತು.

ಆಗಸ್ಟಿನ ಒಂದು ಶನಿವಾರ ಬೋರ್ಡುಗಳ ಕೆಲಸ ಮುಗಿದ ಮೇಲೆ ಎಂದಿನಂತೆ ಒಂದು ಸುತ್ತು ಹಾಕಿದೆ. ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆಯಲ್ಲಿ ಸಣ್ಣ ಮಕ್ಕಳು ಕೂತು ಬರೆಯಲೆಂದು ಗೋಡೆಯ ಬುಡದಲ್ಲಿ ತಗ್ಗಿನ ಹಲಗೆಗಳಿವೆ. ಅವಕ್ಕೆ ಕಪ್ಪು ಬಿದ್ದಿರಲಿಲ್ಲ. ಸಿಂಚನಳನ್ನು ಕರೆದು ಕೇಳಿದೆ. ಸೊಪ್ಪು ಸಾಲಲಿಲ್ಲ, ಅವು ಸಣ್ಣವಲ್ಲವಾ ಎಂದಳು.

“ನಿಯಮದಲ್ಲಿ ಸಣ್ಣದು ದೊಡ್ಡದು ಅಂತ ಬರೆದಿದೆಯಾ? ಏನು ಬರೆದಿದೆ ಓದು.”

ಜಗಲಿಗೆ ಹೋಗಿ ಓದಿಕೊಂಡು ಬಂದಳು. “ಎಲ್ಲ ಬೋರ್ಡುಗಳಿಗೂ ಅಂತಿದೆ ಟೀಚರ್.”

“ಎಲ್ಲ ಅಂದ್ರೆ ಎಲ್ಲ,” ಎಂದೆ. “ಇನ್ನೊಂದ್ಸಲ ಕೇಳ್ಕೊಂಡು ಬರಬೇಡ.”

ಈ ಕೊನೆಯ ಮಾತನ್ನು ಬಹಳ ವರ್ಷಗಳಿಂದ ಬಹಳ ಮಕ್ಕಳಿಗೆ ಹೇಳಿದ್ದೇನೆ. ಹೇಳುವಾಗ ಅದು ಹೊಡೆತದ ಹಾಗೆ ಬೀಳುತ್ತದೆಂದು ಅನ್ನಿಸಿದ್ದಿಲ್ಲ.

ಮುಂದಿನ ಶನಿವಾರ ನಾನು ಹೊಸನಗರದಲ್ಲಿ ಸಭೆಯಲ್ಲಿದ್ದೆ. ನಯನಾ ರಜೆ ಹಾಕಿದ್ದರು. ಉಳಿದ ಇಬ್ಬರು ಶಿಕ್ಷಕರು ಸಣ್ಣ ಮಕ್ಕಳ ಕೋಣೆಗಳಲ್ಲಿದ್ದರು. ಕೊನೆಯ ಅವಧಿಯಲ್ಲಿ ಬೋರ್ಡುಗಳ ಕೆಲಸ ಅದರ ಪಾಡಿಗೆ ನಡೆದಿದೆ; ಕೇಳಿಕೊಂಡು ಬರಬೇಡ ಎಂದ ಮೇಲೆ ಅವಳು ಯಾರನ್ನೂ ಕೇಳಿಲ್ಲ.

ಸೋಮವಾರ ಪ್ರಾರ್ಥನೆ ಮುಗಿಸಿ ಒಳಗೆ ಹೋದರೆ ಗೋಡೆಯ ಮೇಲೆ ಎರಡು ಕಪ್ಪು ಹಲಗೆಗಳಿದ್ದವು. ಸ್ಮಾರ್ಟ್ ಬೋರ್ಡಿನ ಗಾಜಿಗೆ ಅಂಚಿನಿಂದ ಅಂಚಿಗೆ ಕಪ್ಪು ಬಿದ್ದಿತ್ತು. ಎಡದಿಂದ ಬಲಕ್ಕೆ ಒಂದು ಕೈ, ಮೇಲಿನಿಂದ ಕೆಳಕ್ಕೆ ಇನ್ನೊಂದು ಕೈ. ಎಲ್ಲೂ ಗೆರೆ ಬಿಟ್ಟಿರಲಿಲ್ಲ. ಕೆಲಸದ ದೃಷ್ಟಿಯಿಂದ ಹೇಳುವುದಾದರೆ ಅಷ್ಟು ಅಚ್ಚುಕಟ್ಟಾಗಿ ಕಪ್ಪು ಹಚ್ಚಿದ್ದನ್ನು ನಾನು ನೋಡಿರಲಿಲ್ಲ. ಪಕ್ಕದ ಹಲಗೆಯ ಸೀಮೆಸುಣ್ಣದ ಪುಡಿ ಎರಡು ತಿಂಗಳು ಅದರ ಮೇಲೆ ಕೂತು, ಆರಿಸಿದಾಗ ಅದು ಬೂದಿ ಬಣ್ಣ ಕಾಣುತ್ತಿತ್ತು. ಬೂದಿ ಬಣ್ಣಕ್ಕೆ ತಿರುಗಿದ ಬೋರ್ಡಿಗೆ ಏನು ಮಾಡಬೇಕೆಂದು ಅವಳಿಗೆ ಕಲಿಸಿದ್ದು ನಾವೇ.

ಯಾರು ಮಾಡಿದ್ದು ಎಂದು ಕೇಳಿದೆ. ಸಿಂಚನ ಎದ್ದು ನಿಂತಳು.

“ಯಾರು ಹೇಳಿದ್ದು ನಿನಗೆ?”

ಅವಳು ನನ್ನ ಮುಖ ನೋಡಿದಳು. ಒಂದೇ ಕ್ಷಣ. ಆಮೇಲೆ ಬೆಂಚಿನ ಅಂಚು ನೋಡುತ್ತಾ ನಿಂತಳು. ಉತ್ತರ ಅವಳಿಗೆ ಗೊತ್ತಿತ್ತು, ಹೇಳಲಿಲ್ಲ. ಆ ಕ್ಷಣಕ್ಕೆ ನನಗೂ ಗೊತ್ತಾಯಿತು, ನಾನೂ ಹೇಳಲಿಲ್ಲ. ಹೇಳುವ ಬದಲು ದನಿ ಏರಿಸಿದೆ.

“ಕಣ್ಣು ಕಾಣಲ್ವಾ? ಅದು ಬೋರ್ಡಾ?”

“ಸ್ಮಾರ್ಟ್ ಬೋರ್ಡು ಟೀಚರ್,” ಎಂದ ಪ್ರಜ್ವಲ.

ತರಗತಿ ನಕ್ಕಿತು. ಅವನು ಕುಚೋದ್ಯಕ್ಕೆ ಹೇಳಿದ್ದೋ ನ್ಯಾಯಕ್ಕೆ ಹೇಳಿದ್ದೋ ಈಗಲೂ ಗೊತ್ತಿಲ್ಲ. ನಾನು ಅವನನ್ನು ಕೂರಿಸಿ, ಅವಳನ್ನು ಆ ಅವಧಿ ಮುಗಿಯುವವರೆಗೆ ನಿಲ್ಲಿಸಿದೆ. ಊಟದ ಹೊತ್ತಿಗೆ ಅವಳಿಗೆ ಇದ್ಲು ಮಂತ್ರಿ ಎಂಬ ಹೆಸರು ಬಿದ್ದಿತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವಳಿಗೆ ಯಾರೋ “ಇದ್ಲು ಮಂತ್ರಿಗಳೇ, ಅನ್ನಕ್ಕೂ ಒಂದು ಕೈ ಎಳೀರಿ” ಅಂದದ್ದು ಅನ್ನ ಬಡಿಸುತ್ತಿದ್ದ ತಾಯಿಯ ಕಿವಿಗೂ ಬಿತ್ತು.

ಮಂಗಳವಾರ ಸಿಂಚನ ಬರಲಿಲ್ಲ. ನಯನಾ ಅಷ್ಟರಲ್ಲಿ ತಂತ್ರಜ್ಞನಿಗೆ ಫೋನು ಮಾಡಿ, ಅವನು ಹೇಳಿದ ಹಾಗೆ ಗಾಜನ್ನು ಇಷ್ಟಿಷ್ಟೇ ಒರೆಸಿ ತೆಗೆಯುತ್ತಿದ್ದರು. ಕಪ್ಪು ಹೋಯಿತು. ಕೆಳಗಿನ ಅಂಚಿನೊಳಗೆ ಇಳಿದ ರಸ ಹೋಗಲಿಲ್ಲ. ಬೋರ್ಡು ಹೊತ್ತಿಕೊಂಡರೂ ಬೆರಳಿಗೆ ಓಗೊಡುತ್ತಿರಲಿಲ್ಲ. ತಂತ್ರಜ್ಞ ಮುಂದಿನ ವಾರ ಬರುತ್ತೇನೆಂದ.

ಮೂರು ದಿನ ಸತತ ಬಾರದ ಮಗುವಿನ ಬಗ್ಗೆ ವಿಚಾರಿಸಬೇಕೆಂಬುದು ನನ್ನದೇ ಪದ್ಧತಿ. ಗುರುವಾರ ಲಲಿತಮ್ಮನನ್ನು ಕೇಳಿದೆ. ಹೊಟ್ಟೆನೋವು ಎಂದರು. ಶುಕ್ರವಾರವೂ ಹೊಟ್ಟೆನೋವು. ಸೋಮವಾರ ಅಡುಗೆ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು.

“ಒಂದು ಟಿ.ಸಿ. ಬೇಕಿತ್ತು ಟೀಚರೇ.”

ಯಾಕೆ ಎಂದು ಕೇಳಿದೆ. ಕಾರ್ಗಲ್ಲಿನಲ್ಲಿ ತಂಗಿ ಇದ್ದಾಳೆ, ಅವಳ ಗಂಡನಿಗೆ ಪವರ್ ಪ್ರಾಜೆಕ್ಟಿನಲ್ಲಿ ಕೆಲಸ, ಕ್ವಾರ್ಟರ್ಸು ಉಂಟು, ಅಲ್ಲೇ ಶಾಲೆಗೆ ಹಾಕುವುದು ಎಂದರು.

“ನಡುವರ್ಷದಲ್ಲಾ?”

“ಎಂತ ಮಾಡದು. ಅವ್ಳು ಬರಲ್ಲ ಅಂತ ಕೂತಿದಾಳೆ. ತಂಗಿಗೂ ಎರಡು ಸಣ್ಣ ಮಕ್ಳು. ಇವ್ಳು ಹೋದ್ರೆ ಅವ್ಳಿಗೂ ಒಂದು ಕೈ ಆತದೆ.”

ಆ ಮಾತು ಹೇಳುವಾಗ ಲಲಿತಮ್ಮ ನನ್ನ ಕಡೆ ನೋಡುತ್ತಿರಲಿಲ್ಲ. ಏಳನೇ ತರಗತಿಯ ಹುಡುಗಿಯನ್ನು ನಡುವರ್ಷದಲ್ಲಿ ಎರಡು ಹಸುಗೂಸುಗಳಿರುವ ಮನೆಗೆ ಕಳಿಸಿದರೆ ಆಗುವುದೇನೆಂದು ನಮ್ಮಿಬ್ಬರಿಗೂ ತಿಳಿದಿತ್ತು. ಹೊಸ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ. ಹುಡುಗಿ ತೊಟ್ಟಿಲ ಪಕ್ಕದಲ್ಲಿರುತ್ತಾಳೆ. ಅಂಥ ಹೆಸರುಗಳನ್ನು ನನ್ನ ಸೇವೆಯಲ್ಲಿ ಸಾಕಷ್ಟು ನೋಡಿದ್ದೆ.

ಪೋಷಕರು ಕೇಳಿದ ಮೇಲೆ ಟಿ.ಸಿ. ತಡೆಯುವ ಹಾಗಿಲ್ಲ. ಪುಸ್ತಕ ತೆಗೆದು ಬರೆಯಲು ಕೂತೆ. ಹೆಸರು, ತಂದೆ ತಾಯಿ, ಹುಟ್ಟಿದ ತಾರೀಖು, ಓದುತ್ತಿದ್ದ ತರಗತಿ, ನಡತೆ. ನಡತೆಯ ಎದುರು “ಉತ್ತಮ” ಎಂದು ಬರೆದೆ. ಅದರ ಕೆಳಗಿನ ಸಾಲು, ಶಾಲೆ ಬಿಡಲು ಕಾರಣ. ಕಂಪ್ಯೂಟರಿನಲ್ಲಿ ತುಂಬುವಾಗ ಈ ಸಾಲಿಗೆ ತೊಂದರೆಯಿಲ್ಲ, ಪಟ್ಟಿಯಿಂದ ಒಂದನ್ನು ಆರಿಸಿದರೆ ಮುಗಿಯಿತು. ಪುಸ್ತಕದಲ್ಲಿ ಖಾಲಿ ಗೆರೆ ಇರುತ್ತದೆ. ಎಲ್ಲರೂ “ಪೋಷಕರ ಕೋರಿಕೆ” ಎಂದು ಬರೆಯುತ್ತಾರೆ. ನಾನೂ ನೂರಾರು ಸಲ ಬರೆದಿದ್ದೇನೆ. ಆ ದಿನ ಪೆನ್ನು ಅಲ್ಲಿಗೆ ಬಂದು ನಿಂತಿತು.

ಲಲಿತಮ್ಮನಿಗೆ, ಮಗಳ ಹತ್ತಿರ ಗ್ರಂಥಾಲಯದ ಎರಡು ಪುಸ್ತಕಗಳಿವೆ, ಅವನ್ನು ಅವಳೇ ತಂದು ಒಪ್ಪಿಸಬೇಕು, ಬುಧವಾರ ಕರೆದುಕೊಂಡು ಬನ್ನಿ ಎಂದೆ. ಅದೂ ನಿಯಮವೇ, ಹನ್ನೊಂದರಲ್ಲಿ ಹತ್ತನೆಯದು. ಜೀವನದಲ್ಲಿ ಮೊದಲ ಸಲ ನಿಯಮವನ್ನು ನೆವವಾಗಿ ಬಳಸಿದೆ.

ಮಂಗಳವಾರ ತಂತ್ರಜ್ಞ ಬಂದು ಬೋರ್ಡು ಬಿಚ್ಚಿ ಸರಿ ಮಾಡಿದ. ಎಡಗಡೆಯ ಕೆಳಮೂಲೆ ಮಾತ್ರ ಸತ್ತಿದೆ, ಅಂಗೈಯಷ್ಟು ಜಾಗ, ಅಲ್ಲಿ ಮುಟ್ಟಿದರೆ ಬರೆಯುವುದಿಲ್ಲ ಎಂದ. ಉಳಿದದ್ದು ಚೆನ್ನಾಗಿತ್ತು. ಆ ಸಂಜೆ ಜಗಲಿಯ ಚೌಕಟ್ಟು ಇಳಿಸಿ, ಹಿಂದಿನ ಮೊಳೆ ಕಿತ್ತು, ಹಾಳೆ ಹೊರತೆಗೆದೆ.

ಬುಧವಾರ ಮೂರನೇ ಅವಧಿ. ಸಿಂಚನ ಪುಸ್ತಕಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದಳು. ಒಪ್ಪಿಸುವುದು ಆಮೇಲೆ, ಈಗ ನಿನ್ನ ಜಾಗದಲ್ಲಿ ಕೂತುಕೋ ಎಂದೆ. ಕೂತಳು. ಪಕ್ಕದವಳು ಜಾಗ ಬಿಟ್ಟಳೇ ಹೊರತು ಮಾತಾಡಲಿಲ್ಲ. ನಯನಾ ಡಬ್ಬಿ, ಅಡಿಕೋಲು, ಮೊಬೈಲು ಜೋಡಿಸಿದ್ದರು. ನಾನು ಹಾಳೆಯನ್ನು ಕ್ಯಾಮರಾದ ಕೆಳಗೆ ಇಟ್ಟೆ. ಗೋಡೆಯ ಮೇಲೆ ನನ್ನ ಅಕ್ಷರ ಒಂದೊಂದೂ ಗೇಣುದ್ದ ಎದ್ದು ನಿಂತಿತು. ಅಷ್ಟು ದೊಡ್ಡದಾಗಿ ನೋಡಿದಾಗ ಅವು ನಾನಂದುಕೊಂಡಷ್ಟು ದುಂಡಾಗಿರಲಿಲ್ಲ.

ನಯನಾ ಅಭ್ಯಾಸಬಲದಿಂದ ಸಹಿಯ ಮೇಲೆ ಕಾಗದದ ಪಟ್ಟಿ ಇಡಲು ಬಂದರು. ಬೇಡ ಎಂದೆ.

“ಇದರಲ್ಲಿ ಒಂದು ತಪ್ಪಿದೆ,” ಎಂದು ಮಕ್ಕಳಿಗೆ ಹೇಳಿದೆ. “ಏಳನೇ ನಿಯಮದಲ್ಲಿ. ಎಲ್ಲಿ ಅಂತ ಹುಡುಕಿ.”

ದೊಡ್ಡ ಟೀಚರ್ ಬರೆದದ್ದರಲ್ಲಿ ತಪ್ಪಿರುವುದಿಲ್ಲ ಎಂದು ಪ್ರಜ್ವಲ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಹುಡುಕು ಎಂದೆ. ಅವನು ಎದ್ದು ಹೋಗಿ ಒತ್ತಕ್ಷರಗಳನ್ನೆಲ್ಲ ಬೆರಳಿಟ್ಟು ಪರೀಕ್ಷೆ ಮಾಡಿ, “ಕಾಗುಣಿತ ಸರಿ ಇದೆ” ಎಂದು ಪ್ರಮಾಣಪತ್ರ ಕೊಟ್ಟು ಬಂದ. ಆರನೇ ತರಗತಿಯ ಹುಡುಗಿ ‘ಎಲ್ಲ’ ಎಂಬ ಮಾತಿಗೆ ಸುತ್ತು ಹಾಕಿದಳು. ಆಮೇಲೆ ನನ್ನ ಮುಖ ನೋಡಿ ಒರೆಸಿಬಿಟ್ಟಳು.

ಸಿಂಚನ ನಿಧಾನಕ್ಕೆ ಎದ್ದಳು. ಮುಂದೆ ಬರಲಿಲ್ಲ, ಇದ್ದಲ್ಲಿಂದಲೇ ಹೇಳಿದಳು.

“ಕೆಳಗೆ ತಾರೀಖಿದೆ ಟೀಚರ್. ಅದು ಹಳೇದು. ಇದ್ನ ಬರ್ದಾಗ ಆ ಬೋರ್ಡ್ ಇರ್ಲಿಲ್ಲ. ಆಗ ‘ಎಲ್ಲ’ ಅನ್ನೋದು ಸರಿ ಇತ್ತು. ಬರ್ದಿದ್ದು ತಪ್ಪಲ್ಲ. ತಿದ್ದದೇ ಬಿಟ್ಟಿದ್ದು.”

ನಾನು ಹುಡುಕಿಟ್ಟುಕೊಂಡಿದ್ದ ತಪ್ಪಿಗಿಂತ ಅವಳು ಹುಡುಕಿದ್ದು ಹೆಚ್ಚು ನಿಖರವಾಗಿತ್ತು. ಮತ್ತು ಅದರಲ್ಲಿ ನನಗೊಂದು ದಾರಿ ಬಿಟ್ಟುಕೊಟ್ಟಿದ್ದಳು. ಹಳೆಯ ತಾರೀಖು ಯಾರ ತಪ್ಪೂ ಅಲ್ಲ. ಆರು ವರ್ಷದ ಹಾಳೆ, ಹೊಸ ಯಂತ್ರ, ಗಮನಕ್ಕೆ ಬರಲಿಲ್ಲ ಎಂದರೆ ಮುಗಿಯಿತು. ಆಗಸ್ಟಿನ ಆ ಶನಿವಾರದ ಮಾತು ನಾವಿಬ್ಬರೇ ಇದ್ದಾಗ ಆಡಿದ್ದು. ಅವಳು ಈಗಲೂ ಅದನ್ನು ಹೇಳಲಿಲ್ಲ.

“ತಾರೀಖು ಹಳೇದು, ಸರಿ,” ಎಂದೆ. “ಆದರೆ ಆ ಬೋರ್ಡು ಗೋಡೆ ಮೇಲಿರುವಾಗಲೇ ಎಲ್ಲ ಅಂದ್ರೆ ಎಲ್ಲ ಅಂತ ಇವಳಿಗೆ ಬಾಯಲ್ಲಿ ಹೇಳಿದವಳು ನಾನು. ಕೇಳ್ಕೊಂಡು ಬರಬೇಡ ಅಂದವಳೂ ನಾನೇ. ಯಾರು ಹೇಳಿದ್ದು ಅಂತ ಅವತ್ತು ಕೇಳಿದೆನಲ್ಲ, ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳನ್ನ ನಿಲ್ಲಿಸಿದೆ.”

ಮಕ್ಕಳು ಕೈ ಕಟ್ಟಿ ಕೂತರು. ಗಂಟೆ ಹೊಡೆಯುವ ಸರದಿಯವನು ಪ್ರಜ್ವಲ. ಅವನು ಬೋರ್ಡು ನೋಡುತ್ತಾ ಕೂತುಬಿಟ್ಟಿದ್ದ. ಆರು ವರ್ಷಗಳಲ್ಲಿ ಮೊದಲ ಸಲ ಮೂರನೇ ಅವಧಿ ಏಳು ನಿಮಿಷ ಹೆಚ್ಚಾಯಿತು.

ಹೊರಗೆ ಬಂದರೆ ಜಗಲಿಯಲ್ಲಿ ಲಲಿತಮ್ಮ ಸೌಟು ಹಿಡಿದುಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸಾರು ಒಲೆಯ ಮೇಲಿತ್ತು.

“ಮತ್ತೆ ಟಿ.ಸಿ. ಎಂತ ಮಾಡದು ಟೀಚರೇ?”

“ಅವಳನ್ನೇ ಕೇಳಿ,” ಎಂದೆ.

ಸಿಂಚನ ಕಾಗದ ಬಿಚ್ಚಿ ಎರಡು ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟಳು. ಗೋಡೆಯಲ್ಲಿ ಚೌಕಟ್ಟು ಇದ್ದ ಜಾಗದ ಬಿಳಿ ಗುರುತನ್ನು ನೋಡಿದಳು.

“ಈ ಶನಿವಾರ ಸೊಪ್ಪು ತರೋದು ಯಾರ ಸರದಿ ಟೀಚರ್?”

“ನನ್ ಸರದಿಯಾ ಅಂತ ಕೇಳ್ತಿದಾಳೆ,” ಎಂದರು ಲಲಿತಮ್ಮ, ಭಾಷಾಂತರ ಮಾಡುವವರ ಹಾಗೆ. ಆಮೇಲೆ ಸಾರು ನೆನಪಾಗಿ ಅಡುಗೆಮನೆಗೆ ಓಡಿದರು.

ಇದ್ಲು ಮಂತ್ರಿ ಎಂಬ ಹೆಸರು ವರ್ಷದ ಕೊನೆಯವರೆಗೂ ಇತ್ತು. ಆದರೆ ಅದರ ಮೊನೆ ಹೋಗಿತ್ತು; ಹಾಗೆ ಕರೆದರೆ ಅವಳೇ ಓಗೊಡುತ್ತಿದ್ದಳು. ಹೊಸ ನಿಯಮದ ಹಾಳೆ ಬರೆಯುವ ಕೆಲಸ ಅವಳಿಗೇ ಕೊಟ್ಟೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿತ್ತು. ಏಳನೆಯದರಲ್ಲಿ ‘ಎಲ್ಲ ಬೋರ್ಡು’ ಹೋಗಿ ‘ಸೀಮೆಸುಣ್ಣದಲ್ಲಿ ಬರೆಯುವ ಬೋರ್ಡು’ ಬಂದಿತ್ತು. ಕೊನೆಯಲ್ಲಿ ಹನ್ನೆರಡನೆಯದೊಂದನ್ನು, ನಾನು ಹೇಳದೆ, ಅವಳೇ ಸೇರಿಸಿದ್ದಳು. ಎರಡು ಸಲ ಓದಿ ಸಹಿ ಮಾಡಿದೆ. ತಾರೀಖನ್ನು ಪೆನ್ಸಿಲ್ಲಿನಲ್ಲಿ ಹಾಕಿದೆ.

ಮೇ ಕೊನೆಯ ದಿನ ಅಧಿಕಾರ ವಹಿಸಿಕೊಡುವ ಕೆಲಸ. ಬಂದವರು ಮೇಗರವಳ್ಳಿ ಕಡೆಯ ಮೇಷ್ಟ್ರು, ಹೊಸ ಮುಖ್ಯಶಿಕ್ಷಕರು. ನನ್ನ ಹಾಗೆಯೇ ಪ್ರತಿಯೊಂದು ಪುಸ್ತಕವನ್ನೂ ಪುಟ ತಿರುವಿ ನೋಡುವವರು. ಟಿ.ಸಿ. ಪುಸ್ತಕದಲ್ಲಿ ಅಡ್ಡಗೆರೆ ಎಳೆದ ಒಂದು ಪುಟದ ಹತ್ತಿರ ನಿಂತರು. ರದ್ದು ಮಾಡಿದ ಪುಟಕ್ಕೆ ಕಾರಣ ಬರೆಯಬೇಕು. ನಾನು ಬರೆದಿದ್ದೆ: “ವಿದ್ಯಾರ್ಥಿನಿ ಇದೇ ಶಾಲೆಯಲ್ಲಿ ಮುಂದುವರಿದಿದ್ದಾಳೆ. ಬಿಡಲು ಹೊರಟ ಕಾರಣ: ಮುಖ್ಯಶಿಕ್ಷಕಿಯ ಮಾತು.”

“ಇಷ್ಟೆಲ್ಲ ಬರೀಬೇಕಿತ್ತಾ ಮೇಡಂ? ಪೋಷಕರ ಕೋರಿಕೆ ಅಂದಿದ್ರೆ ಮುಗೀತಿತ್ತು.”

ಸಾಲು ಕೇಳಿದ್ದು ಕಾರಣವನ್ನು ಎಂದೆ. ಅವರು ಮುಂದಕ್ಕೆ ಹೋದರು. ಸ್ಮಾರ್ಟ್ ಬೋರ್ಡ್, ಒಂದು, ಸುಸ್ಥಿತಿಯಲ್ಲಿದೆ ಎಂದು ಬರೆದುಕೊಂಡರು. ಎಡಗಡೆಯ ಕೆಳಮೂಲೆ ಓಗೊಡುವುದಿಲ್ಲ, ಅದನ್ನೂ ಬರೆದುಕೊಳ್ಳಿ ಎಂದೆ. ಬರೆದುಕೊಂಡರು.

ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು, ನಡೆಯುವುದಕ್ಕೆ ಹದಿನೈದು ಸಾಕು. ಅವರು ನನ್ನನ್ನು ಕಳಿಸಲು ಜಗಲಿಯವರೆಗೆ ಬಂದು, ಗೋಡೆಯ ಹಾಳೆಯ ಮುಂದೆ ನಿಂತು ಒಂದೊಂದಾಗಿ ಓದುತ್ತಾ ಹೋದರು. ಹನ್ನೆರಡನೆಯದನ್ನು ಗಟ್ಟಿಯಾಗಿ ಓದಿದರು.

“ಗೊತ್ತಾಗದಿದ್ದರೆ ಕೇಳತಕ್ಕದ್ದು. ಕೇಳಿದವರನ್ನು ಗದರತಕ್ಕದ್ದಲ್ಲ.” ನನ್ನ ಕಡೆ ತಿರುಗಿದರು. “ಇದು ಮಕ್ಕಳಿಗಾ ಮೇಡಂ, ಮೇಷ್ಟ್ರುಗಳಿಗಾ?”

ಎಲ್ಲರಿಗೂ ಎಂದೆ. ಅದರ ಹಿಂದೆಯೇ ಬರುವ ನನ್ನ ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಕೊಡೆ ತೆಗೆದುಕೊಂಡು ಬಸ್ಸಿಗೆ ಹೊರಟೆ.